ಮ್ಯಾಟ್ರಿಕ್ಸ್ ಸರಿಯಿದ್ದರೂ ಕಡತದಲ್ಲಿ ಕಂಬಸಾಲು ಕದಡುವುದೇಕೆ?

ಪ್ರಶ್ನೆ: ನಮ್ಮ ಕಾಫಿ ತೋಟದಲ್ಲಿ ತಾತನವರ ಕಾಲದಿಂದಲೂ ಇಂಚು ಮತ್ತು ಸೆಂಟ್ ಲೆಕ್ಕದಲ್ಲಿ ಮಳೆ ಬರೆದಿಟ್ಟಿರುವ ಪುಸ್ತಕವಿದೆ. ಅದನ್ನು ವರ್ಷ, ತಿಂಗಳು, ಮಳೆ ಎಂಬ ಮೂರು ಕಂಬಸಾಲುಗಳ ಮ್ಯಾಟ್ರಿಕ್ಸ್ (ಅಂಕಿಗಳ ಕೋಷ್ಟಕ) ಆಗಿ ಮ್ಯಾಟ್‌ಲ್ಯಾಬ್ ಎಂಬ ಗಣಿತ ತಂತ್ರಾಂಶಕ್ಕೆ ಸೇರಿಸಿದ್ದೇನೆ. ಪರದೆಯ ಮೇಲೆ ಎಲ್ಲವೂ ಸರಿಯಾಗಿದೆ. ಆದರೆ ಎಫ್‌ಪ್ರಿಂಟ್‌ಎಫ್ ಆದೇಶದಿಂದ ಪಠ್ಯ ಕಡತಕ್ಕೆ ಬರೆಸಿದಾಗ ಮೊದಲ ಸಾಲಿನಲ್ಲಿಯೇ 1994 1994 1994.00 ಎಂದು ಬರುತ್ತದೆ. ಪರಿಹಾರವೇನು?
— ಓದುಗರೊಬ್ಬರು, ಮೂಡಿಗೆರೆ

ಉತ್ತರ: ನಿಮ್ಮ ಅಂಕಿಗಳಲ್ಲಿ ದೋಷವಿಲ್ಲ, ಅವುಗಳನ್ನು ಓದುವ ಕ್ರಮದಲ್ಲಿ ವ್ಯತ್ಯಾಸವಿದೆ. ನಾವು ಪುಸ್ತಕವನ್ನು ಎಡದಿಂದ ಬಲಕ್ಕೆ, ಅಡ್ಡಸಾಲಿನಂತೆ ಓದುತ್ತೇವೆ. ಮ್ಯಾಟ್‌ಲ್ಯಾಬ್ ಮಾತ್ರ ಮ್ಯಾಟ್ರಿಕ್ಸನ್ನು ತನ್ನ ಸ್ಮೃತಿಯಲ್ಲಿ ಕಂಬಸಾಲಿನ ಕ್ರಮದಲ್ಲಿ ಇಟ್ಟುಕೊಳ್ಳುತ್ತದೆ: ಮೊದಲ ಕಂಬಸಾಲು ಮೇಲಿನಿಂದ ಕೆಳಗಿನವರೆಗೆ ಪೂರ್ತಿ ಮುಗಿದ ನಂತರವೇ ಎರಡನೆಯದು ಆರಂಭವಾಗುತ್ತದೆ. ಎಫ್‌ಪ್ರಿಂಟ್‌ಎಫ್ ಕೂಡ ಅದೇ ಕ್ರಮದಲ್ಲಿ ಒಂದೊಂದೇ ಸಂಖ್ಯೆಯನ್ನು ತೆಗೆದುಕೊಂಡು, ನೀವು ಕೊಟ್ಟ ನಮೂನೆಯ (ಅಂಕಿಗಳನ್ನು ಹೇಗೆ ಬರೆಯಬೇಕೆಂಬ ಸೂಚನೆಯ) ಮೂರು ಸ್ಥಾನಗಳನ್ನು ತುಂಬಿ, ನಮೂನೆ ಮುಗಿದೊಡನೆ ಮತ್ತೆ ಅದರ ಆರಂಭಕ್ಕೆ ಮರಳುತ್ತದೆ. ನಿಮ್ಮ ಮೊದಲ ಕಂಬಸಾಲಿನಲ್ಲಿ 1994 ಎಂಬುದು ಹನ್ನೆರಡು ತಿಂಗಳಿಗೆ ಹನ್ನೆರಡು ಬಾರಿ ಇರುವುದರಿಂದ, ಮಳೆಯ ಜಾಗಕ್ಕೂ ವರ್ಷವೇ ಬಂದು ಕುಳಿತಿದೆ. ಈ ಕ್ರಮ ಫೋರ್ಟ್ರಾನ್ ಎಂಬ ಹಳೆಯ ಪ್ರೋಗ್ರಾಮಿಂಗ್ ಭಾಷೆಯ ಬಳುವಳಿ. ಕ್ಲೀವ್ ಮೋಲರ್ ಅವರು 1970ರ ದಶಕದ ಕೊನೆಯಲ್ಲಿ ಮ್ಯಾಟ್‌ಲ್ಯಾಬಿನ ಮೊದಲ ರೂಪವನ್ನು ಬರೆದದ್ದು ಫೋರ್ಟ್ರಾನಿನಲ್ಲಿಯೇ.

ಪರಿಹಾರ ಒಂದೇ ಚಿಹ್ನೆಯದು. ಎಫ್‌ಪ್ರಿಂಟ್‌ಎಫ್‌ಗೆ ಮ್ಯಾಟ್ರಿಕ್ಸಿನ ಹೆಸರನ್ನು ಕೊಡುವಾಗ ಆ ಹೆಸರಿನ ಕೊನೆಗೆ ಮೇಲುಕೊಂಬಿನ ಗುರುತನ್ನು (') ಹಾಕಿ, ಟ್ರಾನ್ಸ್‌ಪೋಸ್ ಮಾಡಿ ಕೊಡಿ. ಅಡ್ಡಸಾಲುಗಳು ಕಂಬಸಾಲುಗಳಾಗಿ ತಿರುಗುವುದರಿಂದ ಓದುವ ಕ್ರಮ ವರ್ಷ, ತಿಂಗಳು, ಮಳೆ ಎಂದೇ ಆಗುತ್ತದೆ. ಮೂಲ ಮ್ಯಾಟ್ರಿಕ್ಸ್ ಬದಲಾಗುವುದಿಲ್ಲ.

ಒಂದು ಮಾತನ್ನು ಇಲ್ಲಿ ಒತ್ತಿ ಹೇಳಬೇಕು. ನಿಮ್ಮ ಮ್ಯಾಟ್ರಿಕ್ಸಿನಲ್ಲಿ ವರ್ಷದ ಕಂಬಸಾಲು ಇದ್ದುದರಿಂದ ತಪ್ಪು ಕಣ್ಣಿಗೆ ಬಿತ್ತು. ಅದರ ಬದಲು ಮೂಡಿಗೆರೆ, ಸಕಲೇಶಪುರ, ಅರಸೀಕೆರೆ ಎಂದು ಮೂರು ಊರುಗಳ ಮಳೆ ಮಾತ್ರ ಇದ್ದಿದ್ದರೆ, ಕದಡಿದ ಕಡತದಲ್ಲಿಯೂ ಎಲ್ಲವೂ ಮಳೆಯ ಅಂಕಿಗಳಂತೆಯೇ ಕಾಣುತ್ತಿದ್ದವು. ಜನವರಿಯ ಅಂಕಿ ಮೇ ತಿಂಗಳಿನದೆಂದು ಲೆಕ್ಕಕ್ಕೆ ಸೇರಿದರೂ ಯಾರಿಗೂ ತಿಳಿಯುತ್ತಿರಲಿಲ್ಲ. ಆದ್ದರಿಂದ ಬರೆದ ಕಡತವನ್ನು ಮತ್ತೆ ಓದಿಸಿ, ಮೂಲ ಮ್ಯಾಟ್ರಿಕ್ಸಿನೊಂದಿಗೆ ಹೋಲಿಸಿ ನೋಡುವುದನ್ನು ಬಿಡಬೇಡಿ.

ಇನ್ನು ಅಂಕಿಗಳು ಒಂದರ ಕೆಳಗೊಂದು ನೇರವಾಗಿ ನಿಲ್ಲಬೇಕಾದರೆ ನಮೂನೆಯಲ್ಲಿ ಅಗಲವನ್ನೂ ಸೂಚಿಸಬೇಕು. ನಿಮಗೆ ಒಪ್ಪುವ ನಮೂನೆ ಇದು: %4ಡಿ %3ಡಿ %8.2ಎಫ್ \ಎನ್. (ಡಿ ಪೂರ್ಣಾಂಕಕ್ಕೆ, ಎಫ್ ದಶಮಾಂಶಕ್ಕೆ, \ಎನ್ ಹೊಸ ಸಾಲಿಗೆ. ಡಿ, ಎಫ್, ಎನ್ ಎಂಬವುಗಳನ್ನು ಪ್ರೋಗ್ರಾಮಿನಲ್ಲಿ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಬರೆಯಬೇಕು.) ಇದರಲ್ಲಿ 8 ಎಂಬುದು ದಶಮಾಂಶ ಬಿಂದುವೂ ಸೇರಿದಂತೆ ಒಟ್ಟು ಅಗಲ, 2 ಎಂಬುದು ಬಿಂದುವಿನ ನಂತರದ ಅಂಕಿಗಳ ಸಂಖ್ಯೆ. ಇಂಚಿನ ನೂರನೆಯ ಒಂದು ಭಾಗವೇ ಸೆಂಟ್ ಆಗಿರುವುದರಿಂದ ಎರಡು ಅಂಕಿಗಳು ಸಾಕು. ಮುಂದೆ 25.4ರಿಂದ ಗುಣಿಸಿ ಮಿಲಿಮೀಟರಿಗೆ ತಿರುಗಿಸಿದರೂ ಈ ಅಗಲ ಸಾಲುತ್ತದೆ. ಅಗಲ ಕಡಿಮೆಯಾದರೆ ಮ್ಯಾಟ್‌ಲ್ಯಾಬ್ ಸಂಖ್ಯೆಯನ್ನು ಕತ್ತರಿಸುವುದಿಲ್ಲ, ಆದರೆ ಆ ಸಾಲು ಬಲಕ್ಕೆ ಸರಿಯುತ್ತದೆ. ಮಳೆಯ ಜಾಗಕ್ಕೆ ಡಿ ಬಳಸಬೇಡಿ. ಪೂರ್ಣಾಂಕವಲ್ಲದ ಸಂಖ್ಯೆ ಬಂದಾಗ ಅದು ಹತ್ತರ ಘಾತದ ರೂಪಕ್ಕೆ ತಿರುಗಿ ಕಂಬಸಾಲು ಕೆಡುತ್ತದೆ.

ಇಷ್ಟಾದರೂ ಅಂಕಿಗಳು ಓರೆಯಾಗಿ ಕಂಡರೆ, ಕಡತವನ್ನು ತೆರೆದ ಅಕ್ಷರ ವಿನ್ಯಾಸವನ್ನು (ಫಾಂಟ್) ಪರಿಶೀಲಿಸಿ. ಎಲ್ಲ ಅಕ್ಷರಗಳಿಗೂ ಸಮಾನ ಅಗಲವಿರುವ ಕೊರಿಯರ್ ನ್ಯೂ ಅಥವಾ ಕನ್ಸೋಲಾಸ್‌ನಲ್ಲಿ ಅವು ನೇರವಾಗುತ್ತವೆ. ಕನ್ನಡದ ತಲೆಬರಹ ಕೊಡುವುದಾದರೆ ಕಡತ ತೆರೆಯುವ ಎಫ್‌ಓಪನ್ ಆದೇಶದ ನಾಲ್ಕನೆಯ ಸ್ಥಾನದಲ್ಲಿ ಯುಟಿಎಫ್-8 ಎಂಬ ಅಕ್ಷರ ಸಂಕೇತ ಪದ್ಧತಿಯನ್ನು ಸೂಚಿಸಿ. ಕನ್ನಡ ಅಕ್ಷರಗಳ ಅಗಲ ಅಂಕಿಗಳ ಅಗಲಕ್ಕೆ ಹೊಂದುವುದಿಲ್ಲವಾದ್ದರಿಂದ, ತಲೆಬರಹವನ್ನು ಕಂಬಸಾಲುಗಳ ಮೇಲೆ ಕೂರಿಸುವುದಕ್ಕಿಂತ ಮೊದಲ ಸಾಲಿನಲ್ಲಿ ಒಂದು ವಾಕ್ಯವಾಗಿ ಬರೆಯುವುದು ಒಳ್ಳೆಯದು. ಬರೆದು ಮುಗಿದ ಮೇಲೆ ಕಡತ ಮುಚ್ಚುವ ಎಫ್‌ಕ್ಲೋಸ್ ಆದೇಶ ಕೊಡದಿದ್ದರೆ ಕೊನೆಯ ಕೆಲವು ಸಾಲುಗಳು ಕಡತಕ್ಕೆ ಇಳಿಯದೆ ಉಳಿಯಬಹುದು.

2019ರ ಮೊದಲ ಆವೃತ್ತಿಯಿಂದ ರೈಟ್‌ಮ್ಯಾಟ್ರಿಕ್ಸ್ ಎಂಬ ಆದೇಶವೂ ಇದೆ. ಅದಕ್ಕೆ ಟ್ರಾನ್ಸ್‌ಪೋಸ್ ಬೇಕಿಲ್ಲ. ಅಡ್ಡಸಾಲುಗಳನ್ನು ಇದ್ದಂತೆಯೇ ಅಲ್ಪವಿರಾಮದಿಂದ ಬೇರ್ಪಡಿಸಿ ಬರೆಯುತ್ತದೆ. ಎಕ್ಸೆಲ್‌ಗೆ ಒಯ್ಯುವುದಷ್ಟೇ ಉದ್ದೇಶವಾದರೆ ಅದೇ ಸಾಕು. ಆದರೆ ಮುದ್ರಿಸಿ ಮನೆಯವರು ಓದುವಂತಿರಬೇಕಾದರೆ ಎಫ್‌ಪ್ರಿಂಟ್‌ಎಫ್ ಉತ್ತಮ.

ಹಳೆಯ ಪುಸ್ತಕದಲ್ಲಿ ಕೆಲವು ತಿಂಗಳು ಬರೆಯದೆ ಬಿಟ್ಟಿರಬಹುದು. ಅಂಥ ಕಡೆ ಸೊನ್ನೆಯನ್ನು ತುಂಬಬೇಡಿ. ಮಳೆ ಬಾರದ ಜನವರಿ ಬೇರೆ, ಲೆಕ್ಕ ಸಿಗದ ಜನವರಿ ಬೇರೆ. ಖಾಲಿ ಜಾಗಕ್ಕೆ ಮ್ಯಾಟ್‌ಲ್ಯಾಬಿನ ನ್ಯಾನ್ (‘ಸಂಖ್ಯೆಯಲ್ಲ’ ಎಂದರ್ಥ) ಎಂಬ ಬೆಲೆಯನ್ನು ಕೊಟ್ಟರೆ ಎಫ್‌ಪ್ರಿಂಟ್‌ಎಫ್ ಅದನ್ನೂ ಅದೇ ಎಂಟು ಅಕ್ಷರಗಳ ಅಗಲದಲ್ಲಿ ಬರೆಯುತ್ತದೆ, ಕಂಬಸಾಲು ಕದಲುವುದಿಲ್ಲ.