ಗಾಳಿ ಎಷ್ಟು ಹಾಕಿಸಲಿ? ಮೊದಲು ಬಾಗಿಲು ತೆಗೆದು ನೋಡಿ

ಈ ಸಲ ಬಂದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಟೈರಿನ ಗಾಳಿಯದ್ದೇ. ರಜೆಗೆ ಊರಿಗೆ ಹೊರಡುವ ಹೊತ್ತು, ಅಲ್ವಾ? ಮುಂಬೈ, ಪುಣೆ, ಗೋವಾದ ನಮ್ಮವರೆಲ್ಲ ಒಂದೇ ಸಲ ಗಾಡಿ ತೊಳೆಸಲು ಶುರು ಮಾಡಿದ್ದಾರೆ. ಮೊದಲ ಪ್ರಶ್ನೆಗೆ ಸ್ವಲ್ಪ ಉದ್ದಕ್ಕೇ ಉತ್ತರಿಸಿದ್ದೇನೆ. ಅದು ಅರ್ಥವಾದರೆ ಉಳಿದದ್ದು ಸಲೀಸು.

ಪ್ರಶ್ನೆ: ಸರ್, ನಾವಿರೋದು ಡೊಂಬಿವಲಿಯಲ್ಲಿ, ಊರು ಕುಂದಾಪುರ. ನಮ್ಮದು ಸಣ್ಣ ಹ್ಯಾಚ್‌ಬ್ಯಾಕ್. ಐದು ಜನ, ಡಿಕ್ಕಿ ತುಂಬ ಸಾಮಾನು. ಪೆಟ್ರೋಲ್ ಪಂಪಿನ ಹುಡುಗ "ದೂರ ಹೋಗ್ತೀರಲ್ಲ, 40 ಹಾಕ್ತೇನೆ" ಅಂದ. ಪಂಕ್ಚರ್ ಅಂಗಡಿಯವರು "ಬಿಸಿಲಿಗೆ ಟೈರ್ ಸಿಡಿಯುತ್ತೆ, 28 ಸಾಕು" ಅಂದರು. ನಮ್ಮ ಭಾವ ಟೈರಿನ ಮೇಲೇ 51 ಅಂತ ಬರೆದದ್ದನ್ನು ತೋರಿಸ್ತಾರೆ. ಯಾರ ಮಾತು ಕೇಳಲಿ?

ಉತ್ತರ: ಮೂವರದ್ದೂ ಬೇಡ. ಡ್ರೈವರ್ ಬದಿಯ ಬಾಗಿಲು ತೆಗೆಯಿರಿ. ಬಾಗಿಲು ಬಂದು ಕೂರುವ ಕಂಬದ ಕೆಳಭಾಗದಲ್ಲಿ ಅಂಗೈಯಷ್ಟು ಅಗಲದ ಒಂದು ಸ್ಟಿಕ್ಕರ್ ಇರುತ್ತದೆ. ಕೆಲವು ಗಾಡಿಗಳಲ್ಲಿ ಅದು ಪೆಟ್ರೋಲ್ ಮುಚ್ಚಳದ ಒಳಗಿರುತ್ತದೆ. ಧೂಳು ಕೂತಿದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸಿ. ನಿಮಗೆ ಬೇಕಾದ ಅಂಕಿ ಇರುವುದು ಅಲ್ಲೇ.

ಅದನ್ನು ಓದುವುದರಲ್ಲೂ ಎರಡು ಮೂರು ಸೂಕ್ಷ್ಮ ಇವೆ. ಮೊದಲು ಟೈರಿನ ಅಳತೆ ನೋಡಿ. ಒಂದೇ ಮಾಡೆಲಿನಲ್ಲಿ 14 ಇಂಚಿನ ಚಕ್ರಕ್ಕೆ ಒಂದು ಅಂಕಿ, 15 ಇಂಚಿಗೆ ಇನ್ನೊಂದು ಇರಬಹುದು. ನಿಮ್ಮ ಟೈರಿನ ಪಕ್ಕದಲ್ಲಿ ಬರೆದಿರುವ ಅಳತೆಗೆ ಹೊಂದುವ ಸಾಲನ್ನೇ ಸ್ಟಿಕ್ಕರಿನಲ್ಲಿ ಓದಿ. ಆಮೇಲೆ ಮುಂದಿನ ಚಕ್ರ, ಹಿಂದಿನ ಚಕ್ರದ ಅಂಕಿ ಬೇರೆ ಬೇರೆ ಇರಬಹುದು. ಅದರ ಜೊತೆಗೆ ಅನೇಕ ಗಾಡಿಗಳಲ್ಲಿ ಎರಡು ಚಿತ್ರ ಇರುತ್ತವೆ: ಒಂದರಲ್ಲಿ ಇಬ್ಬರೋ ಮೂವರೋ ಜನ, ಇನ್ನೊಂದರಲ್ಲಿ ತುಂಬ ಜನ ಮತ್ತು ಸೂಟ್‌ಕೇಸು. ಡೊಂಬಿವಲಿ ಸ್ಟೇಷನ್ನಿಗೆ ಹೋಗಿ ಬರಲು ಮೊದಲನೆಯದು. ಕುಂದಾಪುರಕ್ಕೆ ಎರಡನೆಯದು. ಭಾರ ಹೆಚ್ಚಾದಾಗ ಸಾಮಾನ್ಯವಾಗಿ ಹಿಂದಿನ ಚಕ್ರದ ಅಂಕಿಯೇ ಜಾಸ್ತಿ ಏರುತ್ತದೆ, ಯಾಕೆಂದರೆ ಡಿಕ್ಕಿಯ ಸಾಮಾನೂ ಹಿಂದಿನ ಸೀಟಿನ ಮೂವರೂ ಕೂರುವುದು ಅದರ ಮೇಲೇ. ಊರಿಂದ ವಾಪಸ್ ಬರುವಾಗ ಕುಚ್ಚಲಕ್ಕಿ ಮೂಟೆ, ತೆಂಗಿನಕಾಯಿ, ಉಪ್ಪಿನಕಾಯಿ ಭರಣಿ ಎಲ್ಲ ಸೇರಿಕೊಳ್ಳುತ್ತಲ್ಲ, ಆಗಲೂ ಇದೇ ಲೆಕ್ಕ. ಮುಂಬೈಗೆ ಬಂದು ಡಿಕ್ಕಿ ಖಾಲಿ ಮಾಡಿದ ಮೇಲೆ ಮತ್ತೆ ಮೊದಲಿನ ಅಂಕಿಗೆ ಇಳಿಸಿ.

ಪಂಪಿನಲ್ಲಿ ಹೇಳುವ 28, 40 ಎಲ್ಲ ಪಿಎಸ್‌ಐ ಅನ್ನುವ ಒತ್ತಡದ ಅಳತೆಯಲ್ಲಿ. ಕೆಲವು ಸ್ಟಿಕ್ಕರ್‌ಗಳಲ್ಲಿ ಪಿಎಸ್‌ಐ ಇರುವುದಿಲ್ಲ. ಬಾರ್‌ನಲ್ಲಿ 2.3 ಅಂತಲೋ ಕಿಲೋಪ್ಯಾಸ್ಕಲ್‌ನಲ್ಲಿ 230 ಅಂತಲೋ ಇರುತ್ತದೆ. 1 ಬಾರ್ ಅಂದರೆ 14.5 ಪಿಎಸ್‌ಐ. ಹಾಗಾಗಿ 2.3 ಅಂದರೆ ಸುಮಾರು 33, 2.5 ಅಂದರೆ 36. ಕಿಲೋಪ್ಯಾಸ್ಕಲ್ಲನ್ನು 100ರಿಂದ ಭಾಗಿಸಿದರೆ ಬಾರ್ ಸಿಗುತ್ತದೆ.

ಇನ್ನು ನಿಮ್ಮ ಮೂವರು ಸಲಹೆಗಾರರ ವಿಷಯ. ಭಾವ ತೋರಿಸಿದ 51 ಸುಳ್ಳಲ್ಲ. ಆದರೆ ಅದು ಆ ಟೈರು ತಡೆಯುವ ಗರಿಷ್ಠ ಮಿತಿ. ಟೈರ್ ಮಾಡಿದವರಿಗೆ ಅದು ಯಾವ ಗಾಡಿಗೆ ಹೋಗುತ್ತದೆ ಅಂತಲೇ ಗೊತ್ತಿರುವುದಿಲ್ಲ. ನಿಮ್ಮ ಗಾಡಿಯ ತೂಕ ಗೊತ್ತಿರುವುದು ಗಾಡಿ ಮಾಡಿದವರಿಗೆ.

ಪಂಪಿನ ಹುಡುಗನ 40, ನಿಮ್ಮ ಸ್ಟಿಕ್ಕರಿನಲ್ಲೇ 40 ಇದ್ದರೆ ಸರಿ. ಇಲ್ಲದಿದ್ದರೆ ಟೈರು ಬಿರುಸಾಗಿ ನಡುಭಾಗ ಮಾತ್ರ ರಸ್ತೆಗೆ ತಾಗುತ್ತದೆ. ಹಿಡಿತ ಕಡಿಮೆ, ನಡುಪಟ್ಟಿ ಬೇಗ ಸವೆಯುತ್ತದೆ, ಶೀಳ್‌ಫಾಟಾ ರಸ್ತೆಯ ಗುಂಡಿಗಳು ನೇರ ಸೊಂಟಕ್ಕೇ ಬಡಿಯುತ್ತವೆ.

ಆದರೆ ಮೂರರಲ್ಲಿ ನನಗೆ ಹೆಚ್ಚು ಭಯ ಹುಟ್ಟಿಸುವುದು ಆ 28. ಬಿಸಿಲಿಗೆ ಗಾಳಿ ಹಿಗ್ಗಿ ಟೈರ್ ಸಿಡಿಯುತ್ತದೆ, ಅದಕ್ಕೆ ಕಡಿಮೆ ಹಾಕಬೇಕು ಅನ್ನುವುದು ಕೇಳಲು ಸರಿಯೆನಿಸುತ್ತದೆ. ನಡೆಯುವುದು ಉಲ್ಟಾ. ಒಂದು ತಂತಿಯನ್ನು ಒಂದೇ ಕಡೆ ಹಿಂದೆ ಮುಂದೆ ಬಗ್ಗಿಸುತ್ತಾ ಇರಿ. ಸ್ವಲ್ಪ ಹೊತ್ತಿಗೆ ಬೆರಳು ಸುಡುವಷ್ಟು ಬಿಸಿಯಾಗಿ ತುಂಡಾಗುತ್ತದೆ. ಗಾಳಿ ಕಡಿಮೆ ಇರುವ ಟೈರಿನ ಪಕ್ಕದ ಗೋಡೆಯೂ ಹಾಗೇ. ಚಕ್ರದ ಪ್ರತಿ ಸುತ್ತಿಗೂ ಅದು ಮಡಚಿ ಬಿಚ್ಚಿಕೊಳ್ಳುತ್ತದೆ. ಮೇಲೆ ಐದು ಜನರ ಭಾರ, ಕೆಳಗೆ ಕಾದ ಕಾಂಕ್ರೀಟು, ಗಂಟೆಗೆ 90-100ರ ವೇಗ. ಒಳಗಿನ ದಾರಗಳು ರಬ್ಬರಿನಿಂದ ಬಿಟ್ಟುಕೊಂಡು ಒಂದು ಹಂತದಲ್ಲಿ ಟೈರೇ ಕಿತ್ತು ಹೋಗುತ್ತದೆ. ಬೇಸಿಗೆಯಲ್ಲಿ ಹೈವೇ ಮೇಲೆ ಸಿಡಿಯುವ ಟೈರುಗಳಿಗೆ ಬಿಸಿಲಿಗಿಂತ ದೊಡ್ಡ ಕಾರಣ ಕಡಿಮೆ ಗಾಳಿ ಮತ್ತು ಹೆಚ್ಚು ಭಾರ. ಟೈರ್ ಹಳತಾಗಿದ್ದರಂತೂ ಕೇಳುವುದೇ ಬೇಡ. ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ. 2319 ಅಂತಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು ಅಂತ ಅರ್ಥ. ಹೊರಡುವ ಮೊದಲು ಅದನ್ನೂ ನೋಡಿಕೊಳ್ಳಿ.

ಒಂದು ಮುಖ್ಯ ಮಾತು. ಸ್ಟಿಕ್ಕರಿನ ಅಂಕಿ ತಣ್ಣಗಿರುವ ಟೈರಿಗೆ. ಗಾಡಿ ಕನಿಷ್ಠ 3 ಗಂಟೆ ನಿಂತಿರಬೇಕು, ಇಲ್ಲವೇ ಒಂದೆರಡು ಕಿಲೋಮೀಟರ್ ಒಳಗಷ್ಟೇ ಓಡಿರಬೇಕು. ಡೊಂಬಿವಲಿಯ ಟ್ರಾಫಿಕ್ಕಿನಲ್ಲಿ ಪಂಪು ಮುಟ್ಟುವಷ್ಟರಲ್ಲಿ ಟೈರು ಬಿಸಿಯಾಗಿರುತ್ತದೆ ಅನ್ನುತ್ತೀರಾ? ಹಾಗಾದರೆ ಒಂದು ಸಣ್ಣ ಗೇಜ್ ಕೊಂಡು ಇಟ್ಟುಕೊಳ್ಳಿ. ಬೆಳಗ್ಗೆ ಪಾರ್ಕಿಂಗಿನಲ್ಲೇ ಅಳೆಯಿರಿ. 30 ಇದೆ, ಬೇಕಾದದ್ದು 33 ಅಂತಿಟ್ಟುಕೊಳ್ಳಿ. ಕೊರತೆ 3. ಪಂಪಿಗೆ ಹೋದಾಗ ಅಲ್ಲಿ 32 ತೋರಿಸಿದರೆ 33ಕ್ಕೆ ನಿಲ್ಲಿಸಬೇಡಿ, 35 ಮಾಡಿಸಿ. ಕೊರತೆಯಷ್ಟನ್ನು ಸೇರಿಸಬೇಕು, ಅಷ್ಟೇ. ಪಂಪಿನ ಮೀಟರು ಒಂದೆರಡು ಅಂಕಿ ಸುಳ್ಳು ಹೇಳಿದರೂ ಈ ಲೆಕ್ಕ ಕೈಕೊಡುವುದಿಲ್ಲ. ಅಂದಹಾಗೆ ಪಂಪಿನಲ್ಲಿ ಗಾಳಿ ಪುಕ್ಕಟೆ. ಅದು ಅವರು ಕೊಡಲೇಬೇಕಾದ ಸೌಲಭ್ಯ, ಸಂಕೋಚ ಬೇಡ.

ಪ್ರಶ್ನೆ: ಪುಣೆಯ ವಾಕಡ್‌ನಿಂದ ಬರೆಯುತ್ತಿದ್ದೇನೆ. ಡಿಸೆಂಬರಿನಲ್ಲಿ ಮುಂಬೈಗೆ ಹೊರಟಾಗ ಮನೆಯಲ್ಲಿ 33 ಇತ್ತು. ಎಕ್ಸ್‌ಪ್ರೆಸ್‌ವೇ ಮೇಲೆ ಟೀ ಕುಡಿಯಲು ನಿಂತಾಗ ನೋಡಿದರೆ 38! ಹೆದರಿ 30ಕ್ಕೆ ಇಳಿಸಿಬಿಟ್ಟೆ. ವಾಪಸ್ ಬಂದ ಮರುದಿನ ಬೆಳಗ್ಗೆ ಡ್ಯಾಶ್‌ಬೋರ್ಡಿನಲ್ಲಿ ಗಾಳಿ ಕಡಿಮೆ ಅನ್ನುವ ಹಳದಿ ದೀಪ. ಸೆನ್ಸರ್ ಕೆಟ್ಟಿದೆಯಾ?

ಉತ್ತರ: ಸೆನ್ಸರ್ ಸರಿಯಾಗಿದೆ ಸ್ವಾಮಿ, ತಪ್ಪು ಮಾಡಿದ್ದು ನೀವು. ಓಡಿದ ಟೈರಿನಲ್ಲಿ 4-5 ಪಿಎಸ್‌ಐ ಏರುವುದು ಸಹಜ. ಸ್ಟಿಕ್ಕರಿನ ಅಂಕಿ ಕೊಡುವಾಗಲೇ ಈ ಏರಿಕೆಯನ್ನು ಲೆಕ್ಕಕ್ಕೆ ಹಿಡಿದಿರುತ್ತಾರೆ. ಬಿಸಿ ಟೈರಿನಿಂದ ನೀವು 8 ತೆಗೆದಿರಿ. ಅದು ತಣ್ಣಗಾದ ಮೇಲೆ ಉಳಿದದ್ದು 25-26. ದೀಪ ಉರಿಯದೆ ಇನ್ನೇನು ಮಾಡುತ್ತದೆ? ಅದೇ ಗಾಳಿಯಲ್ಲಿ ಬೋರ್ ಘಾಟ್ ಹತ್ತಿ ಬಂದಿದ್ದೀರಿ. ಬಿಸಿ ಟೈರಿನ ಗಾಳಿಯನ್ನು ಯಾವತ್ತೂ ಇಳಿಸಬೇಡಿ.

ಹವೆಯ ಉಷ್ಣತೆ 5-6 ಡಿಗ್ರಿ ಇಳಿದರೆ ಟೈರಿನಲ್ಲಿ ಸುಮಾರು 1 ಪಿಎಸ್‌ಐ ಇಳಿಯುತ್ತದೆ. ಪುಣೆಯ ಚಳಿಗಾಲದಲ್ಲಿ ಮಧ್ಯಾಹ್ನ 30 ಡಿಗ್ರಿ, ಬೆಳಗಿನ ಜಾವ 12. ಅಂದರೆ ಮುಟ್ಟದೇ ಬಿಟ್ಟರೂ 3 ಪಿಎಸ್‌ಐ ಆಟವಾಡುತ್ತದೆ. ಇನ್ನೊಂದು ತಮಾಷೆ ಇದೆ. ಪುಣೆ ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿದೆ. ಹೊರಗಿನ ಗಾಳಿಯ ಒತ್ತಡ ಕಡಿಮೆಯಾಗುವುದರಿಂದ, ಮುಂಬೈಯಲ್ಲಿ ತುಂಬಿದ ಟೈರು ಇಲ್ಲಿ ಸುಮಾರು 1 ಪಿಎಸ್‌ಐ ಜಾಸ್ತಿ ತೋರಿಸುತ್ತದೆ. ಚಳಿ ಕಿತ್ತುಕೊಂಡದ್ದರಲ್ಲಿ ಸ್ವಲ್ಪವನ್ನು ಎತ್ತರ ವಾಪಸ್ ಕೊಡುತ್ತದೆ. ಇದಕ್ಕೆಲ್ಲ ನೀವು ಏನೂ ಮಾಡಬೇಕಾಗಿಲ್ಲ. ತಿಂಗಳಿಗೆ ಎರಡು ಸಲ ಬೆಳಗ್ಗೆ ಅಳೆದು ಸರಿಮಾಡಿಕೊಂಡರೆ ಸಾಕು. ದೀಪವನ್ನು ನಂಬಿ ಕೂರಬೇಡಿ. ಅನೇಕ ಗಾಡಿಗಳಲ್ಲಿ ಅದು ಗಾಳಿ ಚೆನ್ನಾಗಿ ಇಳಿದ ಮೇಲೇ ಉರಿಯುತ್ತದೆ.

ನಾಲ್ಕರಲ್ಲಿ ಒಂದೇ ಟೈರು ಪದೇ ಪದೇ ಇಳಿಯುತ್ತಿದ್ದರೆ ಮಾತ್ರ ಚಳಿಯನ್ನು ದೂರಬೇಡಿ. ವಾಲ್ವಿನ ತುದಿಗೆ ಸೋಪಿನ ನೀರು ಸವರಿ, ಗುಳ್ಳೆ ಏಳುತ್ತದಾ ನೋಡಿ. ಇಲ್ಲದಿದ್ದರೆ ಮೊಳೆ ಹುಡುಕಿಸಿ.

ಪ್ರಶ್ನೆ: ನಾವು ಹುಬ್ಬಳ್ಳಿ ಕಡೆಯವರು, ಈಗ ವಾಸ್ಕೋದಲ್ಲಿದ್ದೀವಿ. ಮಳಿಗಾಲದಾಗ ಹವಾ ಎರಡು ಮೂರು ಪಾಯಿಂಟ್ ಕಡಿಮಿ ಇಟ್ರ ರಸ್ತಾ ಗಟ್ಟಿ ಹಿಡೀತದ ಅಂತಾರಲ್ರೀ, ಅನ್ಮೋಡ್ ಘಾಟ್ ಹತ್ತೂವಾಗ ಹಂಗ ಮಾಡಬೇಕೇನ್ರಿ?

ಉತ್ತರ: ಬ್ಯಾಡ್ರಿ. ಮಳೆಯಲ್ಲಿ ಟೈರಿನ ಕೆಲಸ ನೀರನ್ನು ಸೀಳಿ ಪಕ್ಕಕ್ಕೆ ತಳ್ಳುವುದು. ಗಾಳಿ ಕಡಿಮೆಯಾದರೆ ನಡುಭಾಗ ಒಳಕ್ಕೆ ಕುಗ್ಗುತ್ತದೆ, ನೀರು ಹರಿಯುವ ಕಾಲುವೆಗಳು ಮುಚ್ಚಿಕೊಳ್ಳುತ್ತವೆ. ಆಗ ಗಾಡಿ ನೀರಿನ ಮೇಲೆ ತೇಲುತ್ತದೆ, ಸ್ಟೇರಿಂಗ್ ಹಗುರಾಗುತ್ತದೆ. ಘಾಟಿನ ತಿರುವಿನಲ್ಲಿ ಹಂಗಾದ್ರ ಏನು ಗತಿ? ಸ್ಟಿಕ್ಕರಿನಷ್ಟೇ ಇಡಿ, ವೇಗ ಇಳಿಸಿ. ಕಾಲುವೆಯ ಆಳ ನೋಡಿಕೊಳ್ಳಿ. ಕಾನೂನು 1.6 ಮಿಲಿಮೀಟರ್‌ವರೆಗೆ ಬಿಡುತ್ತದೆ, ನಾನು 3ಕ್ಕೇ ಬದಲಿಸಿ ಅನ್ನುತ್ತೇನೆ. ಕೊಂಕಣದ ಮಳೆಗೆ 1.6 ಏನೇನೂ ಸಾಲದು. ಗಾಳಿ ಇಳಿಸುವುದು ಮರಳಿನಲ್ಲಿ ಜೀಪು ಓಡಿಸುವವರ ವಿದ್ಯೆ. ಗೋವಾದ ಬೀಚಿಗೆ ಗಾಡಿ ಇಳಿಸಿದರೆ ಪೊಲೀಸರು ಕೇಸು ಹಾಕುತ್ತಾರೆ, ಹಾಗಾಗಿ ನಿಮಗೆ ಅದೂ ಬೇಡ.

ಪ್ರಶ್ನೆ: ನೈಟ್ರೋಜನ್ ಹಾಕಿಸಿದರೆ ಒಳ್ಳೆಯದಾ? (ಥಾಣೆ)

ಉತ್ತರ: ಕೆಟ್ಟದ್ದಲ್ಲ. ಆದರೆ ಸಾದಾ ಗಾಳಿಯಲ್ಲೇ ನೂರಕ್ಕೆ 78 ಪಾಲು ನೈಟ್ರೋಜನ್ ಇದೆ. ದುಡ್ಡು ಉಳಿಸಿ ಗೇಜ್ ತಗೊಳ್ಳಿ. ಈಗಾಗಲೇ ಹಾಕಿಸಿದ್ದರೆ ಅದರ ಮೇಲೆ ಸಾದಾ ಗಾಳಿ ತುಂಬಿಸಿದರೆ ಏನೂ ಆಗುವುದಿಲ್ಲ. ನೈಟ್ರೋಜನ್ ಸಿಗಲಿಲ್ಲ ಅಂತ ಕಡಿಮೆ ಗಾಳಿಯಲ್ಲಿ ಓಡಿಸುವವರನ್ನು ನೋಡಿದ್ದೇನೆ, ಅದು ಮಾತ್ರ ಬೇಡ.

ಪ್ರಶ್ನೆ: ಸ್ಟೆಪ್ನಿಗೂ ಗಾಳಿ ಚೆಕ್ ಮಾಡಿಸಬೇಕಾ ಸರ್? ಯಾವತ್ತೂ ತೆಗೆದೇ ಇಲ್ಲ. (ಮುಲುಂಡ್)

ಉತ್ತರ: ನಾನೂ ತೆಗೆದಿರಲಿಲ್ಲ. ಸಾತಾರಾ ದಾಟಿ ಪಂಕ್ಚರ್ ಆಯ್ತು, ರಾತ್ರಿ ಹನ್ನೊಂದು. ಡಿಕ್ಕಿಯ ಸಾಮಾನೆಲ್ಲ ರಸ್ತೆ ಬದಿಗಿಟ್ಟು ಸ್ಟೆಪ್ನಿ ಹೊರಗೆ ಎಳೆದರೆ, ಹೆಬ್ಬೆರಳು ಒತ್ತಿದಲ್ಲಿ ಗುಳಿ ಬಿತ್ತು. ಗೇಜ್ ಇಟ್ಟರೆ 11. ಊರಿಗೆಲ್ಲ ಗಾಳಿಯ ಬುದ್ಧಿ ಹೇಳುವವನ ಗಾಡಿಯಲ್ಲಿ! ಹೆಂಡತಿ ಇವತ್ತಿಗೂ ಬಿಟ್ಟಿಲ್ಲ. ಟೈರು ಸುಮ್ನೆ ಮಲಗಿದ್ದರೂ ತಿಂಗಳಿಗೆ ಒಂದೆರಡು ಪಿಎಸ್‌ಐ ತಾನಾಗೇ ಸೋರುತ್ತದೆ. ಸ್ಟೆಪ್ನಿಯನ್ನು ಪೂರ್ತಿ ಭಾರದ ಅಂಕಿಗೇ ತುಂಬಿಸಿಡಿ, ಯಾವ ಚಕ್ರಕ್ಕೆ ಬೇಕಾದರೂ ಹಾಕಿ ಆಮೇಲೆ ಇಳಿಸಿಕೊಳ್ಳಬಹುದು. ಕಿರಿದಾದ ತಾತ್ಕಾಲಿಕ ಚಕ್ರವಾದರೆ ಲೆಕ್ಕ ಬೇರೆ: ಅಂಥವಕ್ಕೆ ಸಾಮಾನ್ಯವಾಗಿ 60 ಪಿಎಸ್‌ಐ ಬೇಕು, 80ರ ವೇಗ ದಾಟಬಾರದು. ಎರಡೂ ಅದರ ಮೇಲೇ ಬರೆದಿರುತ್ತವೆ.