ಉತ್ತರ: ಡಿಸಿಸಿ ಕಪ್ಲಿಂಗ್ ಆದ್ಮ್ಯಾಲ ಬಿಳಿ ಪುಡಿ ಹೋಗವಲ್ದು

ಬಾಕ್ (ಅಮೈನ್ ತುದಿ ಮುಚ್ಚಿಡೋ ಗುಂಪು) ಹಚ್ಚಿದ ಫಿನೈಲ್‌ಅಲನೈನ್‌ಗೆ ಡಿಸಿಸಿ (ಅಮೈನೋ ಆಸಿಡ್ ಜೋಡ್ಸೋ ರಾಸಾಯನಿಕ) ಹಾಕಿ ಗ್ಲೈಸಿನ್ ಮೀಥೈಲ್ ಎಸ್ಟರ್ ಜೋಡ್ಸೀರಿ, ಎರಡ ಸಲ ಫಿಲ್ಟರ್ ಮಾಡಿದ್ರೂ ಬಿಳಿ ಪುಡಿ ಬರಾಕತ್ತೈತಿ ಅಂದ್ರಲ್ಲ, ಅದು ಬಹುತೇಕ ಡಿಸಿಯು, ಡಿಸಿಸಿ ನೀರು ಹೀರ್ಕೊಂಡು ಆಗೋ ಯೂರಿಯಾ. ಡಿಸಿಎಂನಾಗ (ಡೈಕ್ಲೋರೋಮೀಥೇನ್ ದ್ರಾವಕ) ಅದು ಸ್ವಲ್ಪ ಕರಗ್ತೈತಿ, ಗದಗಿನ ಬ್ಯಾಸಿಗ್ಯಾಗ ಎಸಿ ಇಲ್ದ ಲ್ಯಾಬ್‌ನ್ಯಾಗ ಇನ್ನೂ ಜಾಸ್ತಿ, ಅದಕ್ಕ ಫಿಲ್ಟರ್ ದಾಟಿ ಬರ್ತೈತಿ.

ಮೊದ್ಲ ಡಿಸಿಎಂ ಪೂರ್ತಿ ತಗೀರಿ. ಉಳಿದಿದ್ದಕ್ಕ ತಣ್ಣನ ಎಥೈಲ್ ಅಸಿಟೇಟ್ ಸ್ವಲ್ಪ ಹಾಕಿ ರಾತ್ರಿ ಫ್ರಿಜ್‌ನ್ಯಾಗ ಇಡ್ರಿ, ಮುಂಜಾನೆ ತಣ್ಣಗಿದ್ದಾಗ್ಲೇ ಸೆಲೈಟ್ (ಸೋಸಾಕ ಬಳಸೋ ಪುಡಿ) ಮ್ಯಾಲ ಸೋಸ್ರಿ. ಮತ್ತ ಪುಡಿ ಕಂಡ್ರ ಇದನ್ನ ಇನ್ನೊಮ್ಮೆ ಮಾಡ್ರಿ. ಆಮ್ಯಾಲ ಸಿಟ್ರಿಕ್ ಆಸಿಡ್ ನೀರು, ಬೈಕಾರ್ಬೊನೇಟ್, ಉಪ್ಪನೀರು, ಹಿಂಗ ತೊಳ್ದು ಸೋಡಿಯಂ ಸಲ್ಫೇಟ್ ಮ್ಯಾಲ ಒಣಗಿಸ್ರಿ. ಸ್ಟ್ರಾಂಗ್ ಎಚ್‌ಸಿಎಲ್ ಬ್ಯಾಡ, ಬಾಕ್ ಹಾರಿ ಹೋಗ್ತೈತಿ.

ಎನ್‌ಎಂಆರ್‌ನ್ಯಾಗ (ಅಣುವಿನ ರಚನೆ ತೋರ್ಸೋ ಪರೀಕ್ಷೆ) 1.4 ಪಿಪಿಎಂ ಹತ್ರ ಚೂಪ ಪೀಕ್ ಇದ್ರ ಅದು ಬಾಕ್‌ದ, ಅಂಜಬ್ಯಾಡ್ರಿ. 1ರಿಂದ 2ರ ನಡುವ ಅಗಲ ಗುಡ್ಡ ಇದ್ರ ಮಾತ್ರ ಸೈಕ್ಲೊಹೆಕ್ಸೈಲ್ ಉಳದೈತಿ. ಆದ್ರ ಅದು ಡಿಸಿಯುನೋ ಎನ್-ಅಸೈಲ್‌ಯೂರಿಯಾನೋ (ಡಿಸಿಸಿ ನಿಮ್ಮ ಅಮೈನೋ ಆಸಿಡ್‌ಗೇ ಅಂಟಿ ಆಗೋ ಬ್ಯಾಡಾದ ವಸ್ತು) ನೀವು ಬರ್ದಿದ್ರ ಮ್ಯಾಲ ನಂಗ ಹೇಳಾಕ ಆಗೂದಿಲ್ಲ, ಮಾಸ್ (ಅಣುತೂಕ ಅಳಿಯೋ ಪರೀಕ್ಷೆ) ತಗಸ್ರಿ: ನಿಮ್ಮ ಡೈಪೆಪ್ಟೈಡ್ 336, ಅಸೈಲ್‌ಯೂರಿಯಾ ಇದ್ರ 471. ಅಸೈಲ್‌ಯೂರಿಯಾ ಫ್ರಿಜ್‌ಗೆ ಬಗ್ಗೂದಿಲ್ಲ, ಕಾಲಮ್ಮೇ (ಕ್ರೊಮ್ಯಾಟೊಗ್ರಫಿ) ಹಾಕ್ಬೇಕು.

ಮುಂದಿನ ಬ್ಯಾಚ್‌ಗೆ ಗೈಡ್ ಒಪ್ಪಿದ್ರ ಡಿಸಿಸಿ ಬದ್ಲು ಇಡಿಸಿ ಹೈಡ್ರೋಕ್ಲೋರೈಡ್, ಜೊತಿಗೆ ಅಡ್ಡ ಪ್ರತಿಕ್ರಿಯೆ ಕಡಿಮಿ ಮಾಡೋ ಎಚ್‌ಒಬಿಟಿ ಹಾಕಿ 0 ಡಿಗ್ರೀಲೆ ಶುರು ಮಾಡ್ರಿ. ರೊಕ್ಕ ಜಾಸ್ತಿ ಖರೆ, ಆದ್ರ ಅದರ ಯೂರಿಯಾ ನೀರಾಗ ತೊಳ್ದು ಹೋಗ್ತೈತಿ. ಡಿಸಿಸಿನ ಬಳಸೂದಾದ್ರ ಗ್ಲೌಸ್ ಬಿಡಬ್ಯಾಡ್ರಿ, ಚರ್ಮಕ್ಕ ಅಲರ್ಜಿ ಹಚ್ಚತೈತಿ.