ಟೆಕ್ಸಾಸ್‌ನಲ್ಲಿ ರಿಪಬ್ಲಿಕನ್ನರೇ ವೋಚರ್‌ಗೆ ಅಡ್ಡ ನಿಂತದ್ದು ಯಾಕೆ?

ಖಾಸಗಿ ಶಾಲೆಯ ಫೀಸಿಗೆ ಸರ್ಕಾರದ ದುಡ್ಡು ಕೊಡುವ ವೋಚರ್ ರಿಪಬ್ಲಿಕನ್ನರಂಥ ಕನ್ಸರ್ವೇಟಿವ್‌ಗಳ (ಸಂಪ್ರದಾಯವಾದಿಗಳ) ಅಚ್ಚುಮೆಚ್ಚು. ಆದರೂ 2023ರಲ್ಲಿ ಟೆಕ್ಸಾಸ್‌ನ 21 ರಿಪಬ್ಲಿಕನ್ ಶಾಸಕರು ಅದನ್ನು ಯಾಕೆ ಬೀಳಿಸಿದರು ಅಂತ ಕೇಳಿದ್ದೀರಿ. ಅವರೇನೂ ಡೆಮಾಕ್ರಟ್‌ಗಳ ಕಡೆ ವಾಲಿದ್ದಲ್ಲ.

ಅವರಲ್ಲಿ ಜಾಸ್ತಿ ಜನ ಹಳ್ಳಿ ಕಡೆಯಿಂದ ಗೆದ್ದವರು. ಅಲ್ಲಿ ಎಷ್ಟೋ ಊರುಗಳಲ್ಲಿ ಖಾಸಗಿ ಶಾಲೆಯೇ ಇಲ್ಲ, ವೋಚರ್ ಇಟ್ಕೊಂಡು ಮಾಡೋದೇನು? ಊರಿನಲ್ಲಿ ಹೆಚ್ಚು ಜನಕ್ಕೆ ಕೆಲಸ ಕೊಡುವುದೂ ಸರ್ಕಾರಿ ಶಾಲೆಯೇ. ಬಸ್ ಓಡಿಸುವವರು, ಅಡುಗೆಯವರು, ಕೋಚ್ ಎಲ್ಲರೂ ಮತದಾರರು. ಶುಕ್ರವಾರ ರಾತ್ರಿ ಹೈಸ್ಕೂಲ್ ಫುಟ್‌ಬಾಲ್ ಇದ್ದರೆ ಊರಿಗೆ ಊರೇ ಗ್ಯಾಲರಿಯಲ್ಲಿ. ಇದ್ದದ್ದನ್ನು ಉಳಿಸಿಕೊಳ್ಳೋದೂ ಕನ್ಸರ್ವೇಟಿವ್ ಬುದ್ಧಿಯೇ ಅಲ್ವಾ? ಶಾಲೆಗಳ ನಡುವೆ ಪೈಪೋಟಿ ಇದ್ದರೆ ಎಲ್ಲವೂ ಸುಧಾರಿಸುತ್ತವೆ ಅಂತ ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ 1955ರಲ್ಲೇ ಮುಂದಿಟ್ಟ ವಾದ ನನಗೂ ಹಿಡಿಸುತ್ತೆ. ಆದರೆ ಪೈಪೋಟಿಗೆ ಎರಡು ಶಾಲೆ ಬೇಕಲ್ಲ! ಡಲ್ಲಾಸ್, ಹ್ಯೂಸ್ಟನ್‌ನಂಥ ದೊಡ್ಡ ನಗರಗಳಿಗೆ ಸರಿ.

ವೋಚರ್ ಬೇಕೇ ಬೇಕು ಅಂದಿದ್ದ ರಿಪಬ್ಲಿಕನ್ ಗವರ್ನರ್ ಗ್ರೆಗ್ ಅಬಾಟ್ ಸುಮ್ನೆ ಬಿಡಲಿಲ್ಲ. 2024ರ ಪ್ರೈಮರಿಯಲ್ಲಿ (ಪಕ್ಷದ ಅಭ್ಯರ್ಥಿಯನ್ನು ಆರಿಸುವ ಚುನಾವಣೆಯಲ್ಲಿ) ಸ್ವಂತ ಪಕ್ಷದವರ ವಿರುದ್ಧವೇ ಪ್ರಚಾರಕ್ಕಿಳಿದರು, ಹಲವರು ಸೋತರು. 2025ರಲ್ಲಿ 100 ಕೋಟಿ ಡಾಲರ್‌ನ ವೋಚರ್ ಯೋಜನೆ ಪಾಸಾಯಿತು. ಆಗ ಕೆಳಮನೆಯಲ್ಲಿ ವಿರೋಧಿಸಿದ ರಿಪಬ್ಲಿಕನ್ನರು ಇಬ್ಬರೇ.